ಮೂರು ಗಂಟೆಗೆ ನೀರು ಬಿಡ್ತಾರೆ

ನಮ್ಮ ಆರ್‌ಪಿಸಿ ಲೇಔಟಿನ ರಸ್ತೆಯಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ, "ನೀರು ಬಿಟ್ರು" ಅನ್ನುವುದು ಸಂತೋಷದ ಮಾತು. ಎದುರು ಮನೆಯ ಆಂಟಿ ಗೇಟಿನ ಬಳಿ ನಿಂತು ಹಾಗೆ ಕೂಗಿದರೆ ಸಾಕು, ಬೀದಿಯ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಹಾಗೇ ಬಿಟ್ಟು ಹೊರಗೆ ಬರುತ್ತೇವೆ. ಸಂಪಿನ ಮುಚ್ಚಳ ಸರಿಸಬೇಕು, ಕುಡಿಯುವ ನೀರಿಗೆ ಬಿಂದಿಗೆ ಹಿಡಿಯಬೇಕು, ಮೋಟರ್ ಹಾಕಿ ಮೇಲಿನ ಟ್ಯಾಂಕು ತುಂಬಿಸಿಕೊಳ್ಳಬೇಕು. ಬೋರ್‌ವೆಲ್ ಬತ್ತಿ, ಟ್ಯಾಂಕರಿನವನು ಫೋನೇ ಎತ್ತದ ಬೇಸಿಗೆಯ ದಿನಗಳಲ್ಲಿ ಆ ಕೂಗು ಕೇಳಿದರೆ ಮೈ ಹಗುರಾಗುತ್ತದೆ. ನಾವು ಯೋಚನೆ ಮಾಡಿ ಓಡುವುದಿಲ್ಲ. ಕಾಲು ತಾನಾಗಿ ನೀರಿನ ಕಡೆಗೆ ಓಡುತ್ತದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆತನದಲ್ಲಿ ಒಂದು ವರ್ಷದಿಂದ ಒಂದು ತಮಾಷೆಯ ಕಥೆ ಓಡಾಡುತ್ತಿದೆ. ಕಳೆದ ಬೇಸಿಗೆಯಲ್ಲಿ ನಾವೆಲ್ಲ ಕಾವೇರಿಗೆ ಟ್ಯೂಬಿಂಗ್‌ಗೆ ಹೋದೆವಂತೆ, ಅಲ್ಲಿ ನನ್ನ ಓರಗಿತ್ತಿ ಒಂದು ಜೋಕ್ ಹೊಡೆದರಂತೆ, ಆ ಜೋಕಿಗೆ ಎಲ್ಲರೂ ನಗುತ್ತಾ ಕೂತಾಗ ನದಿ ಏರಿ ಬಂತಂತೆ. ಕಥೆಯಲ್ಲಿ ಯಾರೂ ಸಾಯುವುದಿಲ್ಲವಾದ್ದರಿಂದ ಕೇಳಿದವರೆಲ್ಲ ನಗುತ್ತಾರೆ. ಈ ಕಥೆ ಸುಳ್ಳು. ಅದರಲ್ಲಿರುವ ಒಂದೊಂದು ಮಾತೂ ನಿಜ, ಆದರೂ ಕಥೆ ಸುಳ್ಳು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮೊದಲ ಹೆಜ್ಜೆ ಬಿಟ್ಟು ಎರಡನೆಯದರಿಂದ ಲೆಕ್ಕ ಶುರುಮಾಡಿದ ಮಕ್ಕಳಿಗೆ ನಾನು ಅಂಕ ಕೊಡುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆಯಿಂದಲೇ ಬರೆಯುತ್ತೇನೆ.

ಟ್ಯೂಬಿಂಗ್ ಆಸೆ ಹುಟ್ಟಿಸಿದ್ದು ನನ್ನ ಮಗಳು. ಪಿಯುಸಿ ಪರೀಕ್ಷೆ ಮುಗಿದಿತ್ತು. ಲಾರಿ ಟೈರಿನ ಟ್ಯೂಬಿನಲ್ಲಿ ಒರಗಿ ಕೂತು, ಕಾಲು ನೀರಿಗೆ ಬಿಟ್ಟು, ನದಿ ಕರೆದುಕೊಂಡು ಹೋದ ಕಡೆ ತೇಲುತ್ತಾ ಹೋಗುವ ವಿಡಿಯೋ ಒಂದನ್ನು ಅವಳು ದೊಡ್ಡಪ್ಪನಿಗೆ ಕಳಿಸಿದ್ದಳು. ನನ್ನ ಭಾವನಿಗೆ ರಾಜಾಜಿನಗರದಲ್ಲಿ ಸ್ವಿಚ್ಚು, ವೈರು, ಫ್ಯಾನು ಮಾರುವ ಅಂಗಡಿ. ಅವರಿಗೆ ಮಕ್ಕಳಿಲ್ಲ. ನನ್ನ ಮಗಳು ಬಾಯಿ ಬಿಟ್ಟು ಏನು ಕೇಳಿದರೂ ಅವರಿಗೆ ಅದು ಆಜ್ಞೆ. ಮೈಸೂರು ರಸ್ತೆಯಲ್ಲೇ ವಾಟರ್ ಪಾರ್ಕ್ ಇದೆಯಲ್ಲ, ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡೋಣ ಅಂತ ನನ್ನ ಗಂಡ ಅಂದರು. ಭಾವ ಒಪ್ಪಲಿಲ್ಲ.

"ಕ್ಲೋರಿನ್ ನೀರಲ್ಲಿ ನೂರಾರು ಜನರ ಜೊತೆ ಏನು ಕುಣಿಯೋದು? ನಮ್ಮ ನಲ್ಲೀಲಿ ಬರೋದೇ ಕಾವೇರಿ. ಅಲ್ಲಿಗೇ ಹೋಗಿ ಕುಣಿಯೋಣ."

ಒಂದು ಭಾನುವಾರ ಸಂಜೆ ಬಸವೇಶ್ವರನಗರದಲ್ಲಿ, ಅವರ ಮನೆಯ ತಾರಸಿಯ ಮೇಲೆ, ಪ್ಲ್ಯಾನ್ ಮಾಡಲು ಕೂತೆವು. ತಾರಸಿಯಲ್ಲಿದ್ದವರು ಭಾವ, ನನ್ನ ಗಂಡ ಮತ್ತು ನಾನು. ಮಗಳು ಸಿಇಟಿ ಕೋಚಿಂಗ್‌ಗೆ ಹೋಗಿದ್ದಳು. ಓರಗಿತ್ತಿ, ನಾನು ಅಕ್ಕ ಅನ್ನುವುದು, ಕೆಳಗೆ ಅಡುಗೆಮನೆಯಲ್ಲಿ ನಮಗಾಗಿ ಹೀರೇಕಾಯಿ ಬಜ್ಜಿ ಕರಿಯುತ್ತಿದ್ದರು. ಎಕ್ಸಾಸ್ಟ್ ಫ್ಯಾನಿನ ಸದ್ದು ಮೇಲಿನವರೆಗೂ ಬರುತ್ತಿತ್ತು. ಯಾರು ಎಲ್ಲಿದ್ದರು ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಭಾವ ಆಗಲೇ ಟೀ ಶರ್ಟುಗಳಿಗೆ ಆರ್ಡರ್ ಕೊಟ್ಟಾಗಿತ್ತು. ಐದು ಜನಕ್ಕೂ ಹಳದಿ ಬಣ್ಣ, ಎದೆಯ ಮೇಲೆ "ಬೇಸಿಗೆ ಗ್ಯಾಂಗ್" ಅಂತ ದೊಡ್ಡ ಕನ್ನಡ ಅಕ್ಷರ. ಕಾವೇರಿ ತೀರದ ಒಂದು ಹೋಂಸ್ಟೇ ನಂಬರನ್ನು ಅಂಗಡಿಯ ಗಿರಾಕಿಯೊಬ್ಬರು ಕೊಟ್ಟಿದ್ದರು. ಭಾವ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಬಜ್ಜಿ ತಟ್ಟೆಯ ಪಕ್ಕ ಇಟ್ಟರು. ಆ ಕಡೆ ಮಾತಾಡಿದವನು ಹೋಂಸ್ಟೇ ನಡೆಸುವವನೇ. ಟ್ಯೂಬಿಂಗ್ ಕರೆದುಕೊಂಡು ಹೋಗುವವನೂ ಅವನೇ.

"ನದೀಲಿ ನೀರಿದ್ಯಾ ಗುರು? ಮಂಡಿ ನೀರಲ್ಲಿ ಟ್ಯೂಬ್ ಎಳ್ಕೊಂಡು ನಡ್ಕೊಂಡು ಹೋಗೋದಾದ್ರೆ ನಮ್ಗೆ ಬೇಡಪ್ಪ."

"ಬೆಳಿಗ್ಗೆ ಹೊತ್ತು ಕಮ್ಮಿನೇ ಸಾರ್, ಆದ್ರೂ ತೇಲ್ಬೋದು. ಮೇಲ್ಗಡೆ ಕರೆಂಟ್ ತೆಗೆಯೋ ಕಟ್ಟೆ ಇದೆ. ಮೂರು ಗಂಟೆಗೆ ನೀರು ಬಿಡ್ತಾರೆ. ಅಷ್ಟ್ರೊಳಗೆ ಮುಗಿಸ್ಕೊಂಡ್‌..."

"ಮೂರಕ್ಕೆ ಬಿಡ್ತಾರಾ? ಮತ್ತೆ ಅದನ್ನ ಮೊದ್ಲೇ ಹೇಳೋದಲ್ವಾ! ನಮ್ದು ಮೂರಕ್ಕೇ ಹಾಕು."

"ಮೂರಕ್ಕಾ ಸಾರ್? ಫೋರ್ಸ್ ಇರುತ್ತೆ."

"ಫೋರ್ಸ್ ಇರ್ಲಿ ಅಂತಾನೇ ಬರ್ತಾ ಇರೋದು. ನಮ್ಮನೆ ಶವರ್‌ನಲ್ಲಿ ಫೋರ್ಸ್ ನೋಡಿ ಎಷ್ಟು ಕಾಲ ಆಯ್ತೋ!"

ನನ್ನ ಗಂಡ ಜೋರಾಗಿ ನಕ್ಕರು. ಫೋನಿನಲ್ಲಿದ್ದವನೂ ನಕ್ಕ. "ಆಯ್ತು ಸಾರ್, ನಿಮ್ಮಿಷ್ಟ. ಎರಡೂವರೆಗೆ ಇಳಿಸ್ತೀನಿ," ಅಂದ.

ನಾನು ನದಿ ತೀರದಲ್ಲಿ ಹುಟ್ಟಿ ಬೆಳೆದವಳಲ್ಲ. ಮಾಗಡಿ ರಸ್ತೆಯಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲಿಂದ ವಿಜಯನಗರಕ್ಕೆ ಮದುವೆಯಾಗಿ ಬಂದವಳು. ಫೋರ್ಸ್ ಅಂದರೆ ನನಗೂ ನಲ್ಲಿಯದೇ. ನೀರು ಬಿಡುವುದು ಅಂದರೆ ನನಗೂ ಸಂಪೇ. ಆದರೂ ಅವನು ಅರ್ಧಕ್ಕೆ ನಿಲ್ಲಿಸಿದ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಮುಖ್ಯವಾಗಿ ನನಗೆ ಊಟದ ಚಿಂತೆ. ಒಂದು ಗಂಟೆಗೆ ಹೊಟ್ಟೆ ತುಂಬ ತಿಂದು ಎರಡೂವರೆಗೆ ನೀರಿಗೆ ಇಳಿಯುವುದು ಹೇಗೆ? ಅದಕ್ಕೆ ಕೇಳಿದೆ:

"ಭಾವ, ಅಷ್ಟ್ರೊಳಗೆ ಮುಗಿಸ್ಬೇಕು ಅಂತ ಏನೋ ಅಂದ್ರಲ್ಲ ಅವ್ರು. ಯಾಕೆ ಅಂತ ಇನ್ನೊಂದ್ಸಲ ಕೇಳಿ."

"ನೀರು ಬಿಡೋದು ಅಂದ್ರೆ ನೀರು ಬಿಡೋದು ಕಣಮ್ಮ. ಇಷ್ಟು ವರ್ಷ ವಿಜಯನಗರದಲ್ಲಿದ್ದು ಇದನ್ನೂ ಪಾಠ ಹೇಳಿಸ್ಕೊಬೇಕಾ ಟೀಚರ್ರು?"

ಮತ್ತೆ ನಗು. ಅಷ್ಟು ಹೊತ್ತಿಗೆ ಅಕ್ಕ ಎರಡನೇ ತಟ್ಟೆ ಬಜ್ಜಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ಏನ್ರೀ ಅಷ್ಟು ನಗು? ನಂಗೂ ಸ್ವಲ್ಪ ಹೇಳಿ," ಅಂದರು. "ಏನಿಲ್ಲ ಕಣೇ, ಬುಕ್ ಆಯ್ತು. ಊಟ ಮುಗಿಸ್ಕೊಂಡು ನೀರಿಗಿಳಿಯೋದು," ಅಂದರು ಭಾವ. "ಹಾಗಾದ್ರೆ ಪುಳಿಯೋಗರೆ ಬೇಡ, ಭಾರ ಆಗುತ್ತೆ. ಮೊಸರನ್ನ ಮಾಡ್ತೀನಿ," ಅಂದರು ಅಕ್ಕ. ಆ ಪ್ಲ್ಯಾನಿನಲ್ಲಿ ಅವರು ಆಡಿದ್ದು ಅಷ್ಟೇ ಮಾತು.

ಇದು ಮೊದಲ ಹೆಜ್ಜೆ. ಕಥೆಯಲ್ಲಿ ಇಲ್ಲದ ಹೆಜ್ಜೆ.

ನದಿಗೆ ಹೋದ ದಿನ ಬಿಸಿಲು ಕಣ್ಣು ಕುಕ್ಕುವ ಹಾಗಿತ್ತು. ಹೋಂಸ್ಟೇಯವನು ನಮಗೆಲ್ಲ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟು, ಪಟ್ಟಿಗಳನ್ನು ತಾನೇ ಎಳೆದು ಬಿಗಿದ. ಅಕ್ಕನಿಗೆ ಜಾಕೆಟ್ ಬಿಗಿಯಾಗಿ, "ಉಸಿರು ಬಿಡೋದು ಬೇಡ್ವಾ ಅಣ್ಣ?" ಅಂದರು. ಅವನು ಮುಂದಿನ ಟ್ಯೂಬಿನಲ್ಲಿ ಹೋಗುವುದು, ನಾವು ಹಿಂದೆ ಬರುವುದು ಅಂತ ಆಯಿತು. ನಮ್ಮ ಹಿಂದೆ ಅವನ ಕಡೆಯವರು ಯಾರೂ ಇರಲಿಲ್ಲ. "ಮಧ್ಯೆ ಒಂದು ಬಂಡೆ ಸಿಗುತ್ತೆ. ಅಲ್ಲಿ ನಿಲ್ಬೇಡಿ, ಸೀದಾ ಬಂದ್ಬಿಡಿ," ಅಂದ. ಯಾಕೆ ನಿಲ್ಲಬಾರದು ಅಂತ ಹೇಳಲಿಲ್ಲ. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮನ್ನು ಇಳಿಸಿದ. ಗಿರಾಕಿ ಕೇಳಿದ್ದನ್ನು ಕೊಟ್ಟೆ ಅನ್ನುವುದು ಅವನ ಸಮಾಧಾನ. ಅವನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ, ಆದರೆ ಅವನು ನಮ್ಮ ಮನೆಯವನಲ್ಲ. ದಿನಾ ಅವನ ಮುಖ ನೋಡುವ ಕಷ್ಟ ಇಲ್ಲ.

ತೇಲುವುದು ಚೆನ್ನಾಗಿತ್ತು. ಅದನ್ನೂ ಹೇಳಬೇಕು. ಬೆನ್ನಿಗೆ ತಂಪು, ಮುಖಕ್ಕೆ ಬಿಸಿಲು, ಎರಡು ಕಡೆ ಹೊಂಗೆ ಮರ. ಮಗಳು ದೊಡ್ಡಮ್ಮನ ಟ್ಯೂಬನ್ನು ಕಾಲಿನಲ್ಲಿ ಒದ್ದು ತಿರುಗಿಸುತ್ತಿದ್ದಳು. "ಏಯ್ ಕತ್ತೆ, ತಲೆ ತಿರುಗುತ್ತೆ ಕಣೇ!" ಅಂತ ಅಕ್ಕ ಕಿರುಚುತ್ತಾ ನಗುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ನಾನು ಅವರನ್ನು ಅಷ್ಟು ಗಲಾಟೆ ಮಾಡುತ್ತಾ ನೋಡಿರಲಿಲ್ಲ.

ಬಂಡೆ ಬಂತು. ನದಿಯ ಮಧ್ಯೆ ಚಪ್ಪಟೆಯಾಗಿ, ಕೂತು ಊಟ ಮಾಡುವಷ್ಟು ದೊಡ್ಡದಾಗಿ ಇತ್ತು. ಬಂಡೆಗೂ ದಡಕ್ಕೂ ನಡುವೆ ಹಿಮ್ಮಡಿ ಮುಳುಗುವಷ್ಟು ನೀರು. ಹೋಂಸ್ಟೇಯವನು ತಿರುವಿನಾಚೆ ಮರೆಯಾಗಿದ್ದ. "ಇಲ್ಲಿ ಒಂದು ಫೋಟೋ," ಅಂದರು ಭಾವ. "ನಿಲ್ಬೇಡಿ ಅಂದಿದ್ರಲ್ಲ ಅಣ್ಣ," ಅಂದರು ನನ್ನ ಗಂಡ. "ಎರಡು ನಿಮಿಷಕ್ಕೆ ಬಂಡೆ ಸವೆದು ಹೋಗುತ್ತೇನೋ?" ಅಂದರು ಭಾವ. ಎಲ್ಲರೂ ಹತ್ತಿದೆವು. ಟ್ಯೂಬುಗಳನ್ನು ಬಂಡೆಯ ಸಂದಿನ ಒಂದು ಪೊದೆಗೆ ಹಗ್ಗದಲ್ಲಿ ಕಟ್ಟಿದೆವು. ಫೋನನ್ನು ನೀರು ಹೋಗದ ಪೌಚಿನಿಂದ ತೆಗೆದು ಒಂದು ಕಲ್ಲಿಗೆ ಒರಗಿಸಿದ ಮೇಲೆ ಭಾವ ನೋಡಿದರು, ಕಿತ್ತಳೆ ಜಾಕೆಟಿನ ಹಿಂದೆ ಟೀ ಶರ್ಟಿನ ಅಕ್ಷರ ಕಾಣುತ್ತಿರಲಿಲ್ಲ.

"ಜಾಕೆಟ್ ತೆಗೀರಿ ಎಲ್ರೂ. ಬೇಸಿಗೆ ಗ್ಯಾಂಗ್ ಕಾಣ್ಬೇಕು."

ತೆಗೆದೆವು. ಅಕ್ಷರಗಳು ಕಾಣಬೇಕು ಅಂತ ಐದು ಜನ ಜಾಕೆಟ್ ಬಿಚ್ಚಿ ಒಂದರ ಮೇಲೊಂದು ಹಾಕಿದೆವು. ಫೋಟೋ ಆಯಿತು, ಭಾವ ಫೋನನ್ನು ಮತ್ತೆ ಪೌಚಿಗೆ ಹಾಕಿಕೊಂಡರು. ಆ ಫೋಟೋ ಈಗಲೂ ಅವರ ಹಾಲಿನಲ್ಲಿ ಫ್ರೇಮ್ ಹಾಕಿ ನೇತಾಡುತ್ತಿದೆ.

ದಡದ ಮೇಲಿಂದ ಮೊದಲು ಕೂಗಿದವರು ಬಲೆ ಒಣಗಿಸುತ್ತಿದ್ದ ಒಬ್ಬ ಮುದುಕರು. ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗಿದರು:

"ನೀರು ಬಿಟ್ಟವ್ರೇ! ನೀರು ಬಿಟ್ಟವ್ರೆ, ಬನ್ರೋ!"

ನಮಗೆ ಸರಿಯಾಗಿ ಕೇಳಿಸಿತು. ಒಂದು ಅಕ್ಷರವೂ ತಪ್ಪಿಲ್ಲ. ಆದರೆ ನಮ್ಮ ಮಟ್ಟಿಗೆ ಅದು ಗೇಟಿನ ಬಳಿ ನಿಂತ ಎದುರು ಮನೆಯ ಆಂಟಿಯ ಕೂಗು. ಅಕ್ಕ ತಕ್ಷಣ ಸೊಂಟಕ್ಕೆ ಕೈಯಿಟ್ಟು, "ಅಯ್ಯೋ, ಬಿಂದಿಗೆ ತಗೊಂಡ್ ಬನ್ರೇ! ಮೋಟ್ರು ಹಾಕ್ರೇ!" ಅಂದರು. ನಾವು ಹೊಟ್ಟೆ ಹಿಡಿದು ನಕ್ಕೆವು. ಮಗಳಿಗೆ ಕಣ್ಣಲ್ಲಿ ನೀರು ಬಂತು. ಭಾವ ದಡದ ಕಡೆ ಕೈ ಬೀಸಿ, "ಗೊತ್ತು ಅಜ್ಜ, ಅದಕ್ಕೇ ಕಾಯ್ತಾ ಇದೀವಿ!" ಅಂತ ಕೂಗಿ ಹೇಳಿದರು. ಈ ಕೊನೆಯ ಮಾತೂ ಕಥೆಯಲ್ಲಿ ಇಲ್ಲ.

ಮುದುಕರು ಇನ್ನೂ ಕೂಗುತ್ತಲೇ ಇದ್ದರು. ನಾನು ಮೊದಲು ನೋಡಿದ್ದು ಚಪ್ಪಲಿ. ಬಂಡೆಯ ಅಂಚಿನಲ್ಲಿ ಒಣಗಿದ ಜಾಗದಲ್ಲಿ ಬಿಟ್ಟಿದ್ದ ನನ್ನ ಗಂಡನ ರಬ್ಬರ್ ಚಪ್ಪಲಿ ಸದ್ದಿಲ್ಲದೆ ಎದ್ದು, ಒಂದು ಸುತ್ತು ತಿರುಗಿ, ಹೊರಟುಹೋಯಿತು. ನೀರು ಭೋರ್ಗರೆದು ಬರಲಿಲ್ಲ. ಅಲೆ ಬರಲಿಲ್ಲ. ಸುಮ್ಮನೆ ದಪ್ಪವಾಯಿತು. ಬಣ್ಣ ಬದಲಾಯಿತು. ಪೊದೆಗೆ ಕಟ್ಟಿದ್ದ ಟ್ಯೂಬುಗಳು ಹಗ್ಗ ಜಗ್ಗಲು ಶುರುಮಾಡಿದವು. ನಾನು "ನೀರು, ನೀರು," ಅಂತ ಮಾತ್ರ ಅಂದೆ. ದಡದ ಕಡೆ ನೋಡಿದರೆ ಹಿಮ್ಮಡಿ ಮುಳುಗುತ್ತಿದ್ದ ಜಾಗದಲ್ಲಿ ಆ ಮುದುಕರು ತೊಡೆಮಟ್ಟ ನಿಂತಿದ್ದರು.

ಭಾವ ಮೊದಲು ಇಳಿದರು. "ನಾನು ಆ ಕಡೆ ಹೋಗಿ ಕೈ ಕೊಡ್ತೀನಿ," ಅಂದರು. ಕೊಟ್ಟರು, ಅದನ್ನು ಇಲ್ಲ ಅನ್ನುವುದಿಲ್ಲ. ಮುದುಕರು, ಭಾವ, ನನ್ನ ಗಂಡ ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ನಾನು ದಾಟಿದೆ. ನನ್ನ ಹಿಂದೆ ಮಗಳು, ಅವಳ ಹಿಂದೆ ಅಕ್ಕ. ಜಾಕೆಟುಗಳನ್ನು ತೊಡುವುದಿರಲಿ, ಅವು ಎಲ್ಲಿವೆ ಅಂತ ನೋಡುವುದಕ್ಕೂ ಯಾರಿಗೂ ಹೊಳೆಯಲಿಲ್ಲ. ಮಗಳ ಕಾಲು ಪಾಚಿಯ ಮೇಲೆ ಬಿತ್ತು. ಅವಳ ಬೆರಳು ನನ್ನ ಬೆರಳಿಂದ ಜಾರಿದ್ದು ನನಗೆ ಗೊತ್ತಾಯಿತು, ಅವಳು ಬಿದ್ದದ್ದು ಕಾಣಲಿಲ್ಲ. ನಾನು ತಿರುಗುವಷ್ಟರಲ್ಲಿ ಅಲ್ಲಿ ಇಬ್ಬರೂ ಇರಲಿಲ್ಲ.

ಮುದುಕರು ಕಂಡದ್ದನ್ನು ಆಮೇಲೆ ಹೇಳಿದರು. ಅಕ್ಕ ಇನ್ನೂ ಬಂಡೆಯ ಮೇಲೇ ಇದ್ದರಂತೆ, ಒಂದು ಕಾಲು ಮಾತ್ರ ನೀರಿನಲ್ಲಿ. ಹಿಂದಕ್ಕೆ ಸರಿದಿದ್ದರೆ ನಿಂತಲ್ಲೇ ಉಳಿಯುತ್ತಿದ್ದರು. ಅವರು ಹಿಂದಕ್ಕೆ ಸರಿಯಲಿಲ್ಲ. ನನ್ನ ಮಗಳ ಜಡೆಗೆ ಕೈ ಹಾಕಿ, ಅದರ ಜೊತೆಗೇ ಹೋದರು. ಈಜು ಬರದ ಹೆಂಗಸು. ಜಡೆಯನ್ನು ಮುಂಗೈಗೆ ಸುತ್ತಿಕೊಂಡಿದ್ದರು. ಕೆಳಗೆ ನೀರಿಗೆ ಬಾಗಿದ್ದ ಒಂದು ಹೊಂಗೆ ಮರದ ಬೇರುಗಳಿಗೆ ಅವರ ಭುಜ ಬಡಿಯಿತು. ಇನ್ನೊಂದು ಕೈಯಲ್ಲಿ ಬೇರನ್ನು ಹಿಡಿದುಕೊಂಡರು. ಹೋಂಸ್ಟೇಯವನು ಕೂಗು ಕೇಳಿ ದಡದಲ್ಲಿ ಓಡಿ ಬಂದು, ಮುದುಕರ ಜೊತೆ ಸೇರಿ ಇಬ್ಬರನ್ನೂ ಎಳೆದು ಹಾಕುವವರೆಗೂ ಬೇರನ್ನೂ ಬಿಡಲಿಲ್ಲ, ಜಡೆಯನ್ನೂ ಬಿಡಲಿಲ್ಲ. ನನ್ನ ಮಗಳು ನೀರು ಕಕ್ಕಿ, ಕೆಮ್ಮಿ, ಅತ್ತಳು. ಅವಳು ಅತ್ತಿದ್ದು ಕೇಳಿದ ಮೇಲೆ ನಾನು ನೆಲದ ಮೇಲೆ ಕೂತೆ.

ಅಕ್ಕನ ಭುಜದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆ ಕೈ ಈಗ ಕಿವಿಯಿಂದ ಮೇಲೆ ಹೋಗುವುದಿಲ್ಲ. ತಲೆ ಬಾಚಲು ಇನ್ನೊಬ್ಬರು ಬೇಕು.

ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದಾಗ ಅವರು ನನಗೆ ಒಂದು ವಿಷಯ ಹೇಳಿದರು. ಅಕ್ಕ ಮದ್ದೂರಿನ ಕಡೆಯವರು, ನಾಲೆಯ ಪಕ್ಕದ ಊರು. ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಒಣಗಿದ ನಾಲೆಯೊಳಗೆ ಆಡುತ್ತಿದ್ದರಂತೆ. ದೊಡ್ಡವರು ಏರಿ ಮೇಲೆ ನಿಂತು "ನೀರು ಬಿಟ್ಟವ್ರೆ" ಅಂತ ಕೂಗಿದರೆ ಮಕ್ಕಳೆಲ್ಲ ಬಿದ್ದೂ ಎದ್ದೂ ಮೇಲಕ್ಕೆ ಹತ್ತುವುದು. ಅದೇ ಮಾತು, ಅದೇ ರಾಗ.

"ನಂಗೊಬ್ಳಿಗೆ ಗೊತ್ತಿತ್ತು ಕಣೇ ಅದರ ಅರ್ಥ," ಅಂದರು. "ನಾನೇ ನಗಿಸ್ದೆ ನೋಡು."

ಮದುವೆಯಾಗಿ ಬೆಂಗಳೂರಿಗೆ ಬಂದು, ವರ್ಷಗಟ್ಟಲೆ ಬಿಂದಿಗೆ ಹಿಡಿದು, ಆ ಮಾತಿನ ಅರ್ಥವೇ ಅವರೊಳಗೆ ತಿರುಗಿ ನಿಂತಿತ್ತು. ಅದಕ್ಕೆ ಅವರನ್ನು ಬೈಯುವುದಾದರೆ ನಮ್ಮ ಇಡೀ ಪಶ್ಚಿಮ ಬೆಂಗಳೂರನ್ನು ಬೈಯಬೇಕು.

ಮೊದಮೊದಲು ಭಾವ ಹೋಂಸ್ಟೇಯವನನ್ನು ಬೈಯುತ್ತಿದ್ದರು. ಅವನಿಗೆ ಫೋನ್ ಮಾಡಿ ಕೂಗಾಡಿದರು. "ನೀವೇ ಮೂರಕ್ಕೆ ಬೇಕು ಅಂದ್ರಲ್ಲ ಸಾರ್," ಅಂದನಂತೆ ಅವನು. ಆಮೇಲೆ ಭಾವ ಅವನ ಮಾತೇ ಎತ್ತಲಿಲ್ಲ. ಕಂಪ್ಲೇಂಟ್ ಕೊಡೋಣ ಅಂತ ನಾನು ಹೇಳಿದ್ದಕ್ಕೆ "ಹೋಗ್ಲಿ ಬಿಡಮ್ಮ, ಬಡವ," ಅಂದರು. ಅವನು ಬಡವನೇನೂ ಅಲ್ಲ. ಕಂಪ್ಲೇಂಟ್ ಕೊಟ್ಟರೆ ಪೊಲೀಸಿನವರು ಮೊದಲು ಕೇಳುವುದು, ಫೋನಿನಲ್ಲಿ ಏನು ಮಾತಾಡಿದಿರಿ ಅಂತ.

ನೋಡಲು ಬಂದ ನೆಂಟರೆಲ್ಲ ಹೇಗಾಯ್ತು ಅಂತ ಕೇಳುತ್ತಿದ್ದರು. ಏನಾದರೂ ಹೇಳಲೇಬೇಕಲ್ಲ. ಆಗ ಕಥೆ ಹುಟ್ಟಿತು. ಬಂಡೆಯಿಂದ ಶುರು, ಮುದುಕರ ಕೂಗು, ಅಕ್ಕನ ಜೋಕು, ನಗು, ನೀರು. ಫೋನಿಲ್ಲ. ಮೂರು ಗಂಟೆಯಿಲ್ಲ. ನಿಲ್ಲಬೇಡಿ ಅಂದದ್ದಿಲ್ಲ. ಜಾಕೆಟ್ ಬಿಚ್ಚಿಸಿದ್ದಿಲ್ಲ. ಜಡೆಯೂ ಇಲ್ಲ. ಹೇಳುತ್ತಾ ಹೇಳುತ್ತಾ ಭಾವನಿಗೆ ಅದು ಬಾಯಿಗೆ ಚೆನ್ನಾಗಿ ಹೊಂದಿಕೊಂಡಿತು. ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಅಂತ ಗೊತ್ತಾಯಿತು. ಕೊನೆಕೊನೆಗೆ ಆ ಜಾಗ ಬಂದಾಗ ಅವರು ಅಕ್ಕನ ಕಡೆ ತಿರುಗಿ, "ಹೇಳೇ, ಏನಂದೆ ಅವತ್ತು?" ಅನ್ನತೊಡಗಿದರು. ಅಕ್ಕ ಹೇಳಬೇಕು. ಅಕ್ಕ ಹೇಳುತ್ತಿದ್ದರು. ತಲೆ ತಗ್ಗಿಸಿ, ನಗುವಂತೆ ಬಾಯಿ ಮಾಡಿ, "ಬಿಂದಿಗೆ ತಗೊಂಡ್ ಬನ್ರೇ ಅಂದೆ." ಜನ ನಗುತ್ತಿದ್ದರು. "ನೋಡಿ, ಇವ್ಳ ಬಾಯಿ ಎಲ್ರನ್ನೂ ಮುಳುಗಿಸ್ತಿತ್ತು!" ಅಂತ ಭಾವ ಮುಗಿಸುತ್ತಿದ್ದರು.

ಪ್ರತಿ ಸಲ ನಾನು ಬಾಯಿ ತೆರೆಯಲು ಹೋಗುತ್ತಿದ್ದೆ. ಪ್ರತಿ ಸಲ ನನ್ನ ಗಂಡ ಕಣ್ಣಲ್ಲೇ ಬೇಡ ಅನ್ನುತ್ತಿದ್ದರು. ಮನೆಗೆ ಬಂದ ಮೇಲೆ, "ಮನೆ ಒಡಿಯೋ ಮಾತು ಆಡ್ಬೇಡ. ಮಗಳಿಗಂತೂ ಹೇಳ್ಲೇಬೇಡ, ದೊಡ್ಡಪ್ಪ ಅಂದ್ರೆ ಪ್ರಾಣ ಅವ್ಳಿಗೆ. ಅತ್ತಿಗೆಗೇ ಬೇಜಾರಿಲ್ಲ, ನಿಂಗೇನು?" ಅನ್ನುತ್ತಿದ್ದರು. ಬೇಜಾರಿಲ್ಲ! ಜೋಕ್ ಅಂದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದ ಹೆಂಗಸು ಅವರು. ತರಕಾರಿಯವನ ಜೊತೆ ಹತ್ತು ಮಾತಾಡದೆ ಕೊತ್ತಂಬರಿ ಕೊಳ್ಳುತ್ತಿರಲಿಲ್ಲ. ಈಗ ನಮ್ಮ ಮನೆಗೆ ಬಂದರೂ ಒಂದು ಮೂಲೆಯಲ್ಲಿ ಕೂತು ನನ್ನ ಮಗಳನ್ನೇ ನೋಡುತ್ತಿರುತ್ತಾರೆ. ಅವಳು ಬಂದು ತಬ್ಬಿಕೊಂಡರೆ, ತಬ್ಬಿಸಿಕೊಳ್ಳಲು ತಮಗೆ ಹಕ್ಕಿಲ್ಲವೇನೋ ಅನ್ನುವ ಹಾಗೆ ಮೈ ಬಿಗಿಹಿಡಿಯುತ್ತಾರೆ. ಇದು ನನ್ನ ಗಂಡನಿಗೆ ಕಾಣುವುದಿಲ್ಲ.

ಈ ಬೇಸಿಗೆಯಲ್ಲಿ ಅನ್ನಪೂರ್ಣೇಶ್ವರಿ ನಗರದಲ್ಲಿ ನೆಂಟರ ಗೃಹಪ್ರವೇಶ. ಊಟ ಮುಗಿದು, ಶಾಮಿಯಾನದ ಕೆಳಗೆ ಕುರ್ಚಿಗಳನ್ನು ಗುಂಡಾಗಿ ಎಳೆದುಕೊಂಡು ಎಲೆಯಡಿಕೆ ಹಾಕುತ್ತಾ ಕೂತಿದ್ದೆವು. ಮಗಳು ಕಾಲೇಜಿಗೆ ಹೋಗಿದ್ದಳು. ಯಾರೋ, "ಈ ರಜಕ್ಕೆ ಎಲ್ಲಿಗೆ ಸಾರ್ ಪ್ಲ್ಯಾನು?" ಅಂತ ಭಾವನನ್ನು ಕೇಳಿದರು. "ಈ ಸಲ ಸ್ವಿಮ್ಮಿಂಗ್ ಪೂಲ್ ಇರೋ ರೆಸಾರ್ಟು. ನದಿ ಬೇಡಪ್ಪ, ಇವ್ಳನ್ನ ನಂಬೋಕಾಗಲ್ಲ," ಅಂದರು ಭಾವ. ಎಲ್ಲರೂ ಕುರ್ಚಿ ಹತ್ತಿರ ಎಳೆದುಕೊಂಡರು. ಕಥೆ ಬಂಡೆಯ ಮೇಲೆ ಹತ್ತಿತು. ಮುದುಕರು ಕೂಗಿದರು. ಭಾವ ಅಕ್ಕನ ಕಡೆ ತಿರುಗಿದರು.

"ಹೇಳೇ, ಏನಂದೆ ಅವತ್ತು?"

ಅಕ್ಕ ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಮಾತಾಡಿದೆ. ಜೋರಾಗಿ ಅಲ್ಲ, ಕ್ಲಾಸಿನಲ್ಲಿ ಲೆಕ್ಕ ಓದುವ ದನಿಯಲ್ಲಿ.

"ಅದಕ್ಕಿಂತ ಮುಂಚೆ ನೀವೇನಂದ್ರಿ ಅಂತ ಹೇಳಿ ಭಾವ. ತಾರಸಿ ಮೇಲೆ, ಫೋನಲ್ಲಿ. ಮೂರು ಗಂಟೆಗೆ ನೀರು ಬಿಡ್ತಾರೆ, ಅಷ್ಟ್ರೊಳಗೆ ಮುಗಿಸ್ಕೊಳ್ಳಿ ಅನ್ನೋಕೆ ಬಂದ ಅವ್ನು. ನೀವು ನಮ್ದು ಮೂರಕ್ಕೇ ಹಾಕು ಅಂದ್ರಿ. ಫೋರ್ಸ್ ಇರುತ್ತೆ ಅಂದ. ಫೋರ್ಸ್ ಇರ್ಲಿ ಅಂತಾನೇ ಬರ್ತಾ ಇರೋದು ಅಂದ್ರಿ. ಇನ್ನೊಂದ್ಸಲ ಕೇಳಿ ಅಂದೆ ನಾನು. ಪಾಠ ಹೇಳಿಸ್ಕೊಬೇಕಾ ಟೀಚರ್ರು ಅಂದ್ರಿ. ಬಂಡೆ ಹತ್ರ ನಿಲ್ಬೇಡಿ ಅಂದಿದ್ದ, ನಿಲ್ಲಿಸಿದ್ರಿ. ಟೀ ಶರ್ಟ್ ಕಾಣ್ಲಿ ಅಂತ ಜಾಕೆಟ್ ಬಿಚ್ಚಿಸಿದ್ರಿ. ನನ್ನ ಮಗಳು ಬದುಕಿರೋದು ಅಕ್ಕ ಅವಳ ಜಡೆ ಬಿಡ್ಲಿಲ್ಲ ಅಂತ. ಇಷ್ಟನ್ನೂ ಸೇರಿಸಿ ಹೇಳಿ. ಆಮೇಲೆ ಬಿಂದಿಗೆ ಹೇಳಿ, ಎಲ್ರೂ ನಗ್ಲಿ."

ಯಾರೂ ನಗಲಿಲ್ಲ. ಭಾವನ ಮುಖ ಕೆಂಪಾಯಿತು. "ಏನಮ್ಮ ಇದು, ಶುಭ ಕಾರ್ಯದಲ್ಲಿ..." ಅಂದರು. ಮನೆಯ ಯಜಮಾನರು ಗಾಬರಿಯಿಂದ, "ಮಜ್ಜಿಗೆ ತಗೊಂಡ್ ಬನ್ರಪ್ಪಾ," ಅಂತ ಒಳಗೆ ನೋಡಿ ಕೂಗಿದರು. ಅಕ್ಕ ನನ್ನನ್ನು ನೋಡುತ್ತಿದ್ದರು. ಅವರ ಮುಖ ನನಗೆ ಅರ್ಥವಾಗಲಿಲ್ಲ. ನನ್ನ ಮೇಲೇ ಸಿಟ್ಟಾಗಿದ್ದಾರೆ ಅಂದುಕೊಂಡೆ.

ನನ್ನ ಗಂಡ ಸ್ಕೂಟರನ್ನು ನಾಗರಬಾವಿ ದಾಟಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗ, "ಇವತ್ತೇ ಬೇಕಿತ್ತಾ ಅದು?" ಅಂದರು.

"ಹೋದ ವರ್ಷವೇ ಬೇಕಿತ್ತು," ಅಂದೆ.

ಮಾರನೆಯ ದಿನ ಮಧ್ಯಾಹ್ನ ಅಕ್ಕ ಒಬ್ಬರೇ ಆಟೋದಲ್ಲಿ ಬಂದರು. ಒಬ್ಬರೇ ಎಲ್ಲಿಗೂ ಹೋಗುವವರಲ್ಲ. ಒಳಗೆ ಬಂದು ಕೂರಲಿಲ್ಲ, ನೀರು ಕೇಳಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದರು:

"ಫೋನಲ್ಲಿ ಅವ್ನು ಹಾಗಂದಿದ್ದು ನಿಜವೇನೇ?"

ಅವರಿಗೆ ಗೊತ್ತಿರಲಿಲ್ಲ. ಒಂದು ವರ್ಷದಿಂದ ಗೊತ್ತಿರಲಿಲ್ಲ. ಗಂಡನ ಮರ್ಯಾದೆಗೋಸ್ಕರ ಎಲ್ಲ ನುಂಗಿಕೊಂಡು ಸುಮ್ಮನಿದ್ದಾರೆ ಅಂತ ನಾನು ತಿಳಿದಿದ್ದೆ. ಅವರು ಕೆಳಗೆ ಬಜ್ಜಿ ಕರಿಯುತ್ತಿದ್ದಾಗ ಮೇಲೆ ಆಡಿದ ಮಾತನ್ನು ನಾವು ಮೂವರಲ್ಲಿ ಒಬ್ಬರೂ ಅವರಿಗೆ ಹೇಳಿರಲಿಲ್ಲ.

"ನಿಜ ಅಕ್ಕ."

"ಮೂರು ಗಂಟೆಗೆ ನೀರು ಬಿಡ್ತಾರೆ ಅಂತ ಅಂದ್ನಾ? ಕಟ್ಟೆಯಿಂದ ಅಂದ್ನಾ?"

"ಮೇಲ್ಗಡೆ ಕರೆಂಟ್ ಕಟ್ಟೆ ಇದೆ ಅಂದ."

"ಇವ್ರು ಕೇಳಿಸ್ಕೊಂಡ್ರಾ?"

"ಸ್ಪೀಕರ್ ಹಾಕಿತ್ತು. ಎಲ್ರೂ ಕೇಳಿಸ್ಕೊಂಡ್ವಿ."

ಆಗ ಕೂತರು. "ಮೊದ್ಲಿಂದ ಹೇಳು. ಒಂದೂ ಬಿಡ್ಬೇಡ," ಅಂದರು. ಹೇಳಿದೆ. ಮುಗಿದ ಮೇಲೆ, ಇನ್ನೊಂದು ಸಲ ಅಂದರು. ಇನ್ನೊಂದು ಸಲವೂ ಹೇಳಿದೆ. ಮೇಲೇಳದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಅದನ್ನು ಒತ್ತುತ್ತಾ ಕೇಳುತ್ತಿದ್ದರು. ಅಳಲಿಲ್ಲ. ಅವರ ದನಿ ಮಾತ್ರ ನಾನು ಎಂದೂ ಕೇಳಿರದ ದನಿ.

"ಕಟ್ಟೆ ಅಂತ ಒಂದು ಮಾತು ಕೆಳಗೆ ಬಂದು ಅಂದಿದ್ರೆ ಸಾಕಿತ್ತು. ನಾನು ಹೋಗೋಕೇ ಬಿಡ್ತಿರ್ಲಿಲ್ಲ ಯಾರನ್ನೂ." ನನ್ನ ಕಡೆ ತಿರುಗಿದರು. "ಒಂದು ವರ್ಷ ಕಣೇ. ದಿನಾ ಬೆಳಿಗ್ಗೆ ದೇವ್ರ ಮುಂದೆ ನಿಂತು, ನನ್ನ ಬಾಯಿಂದ ತಪ್ಪಾಯ್ತು, ಆ ಮಗೂನ ಚೆನ್ನಾಗಿಡು ಅಂತಿದ್ದೆ. ಬಾಯಿಬಿಟ್ಟೇ ಅಂತಿದ್ದೆ. ಇವ್ರು ಪಕ್ಕದಲ್ಲೇ ನಿಂತು ಗಂಟೆ ಬಾರಿಸ್ತಿದ್ರು."

ಅವರ ಫೋನ್ ಬಡಿದುಕೊಂಡಿತು. ನೋಡಿದರು. ಭಾವ. ಫೋನನ್ನು ಮುಖ ಕೆಳಗೆ ಮಾಡಿ ಸೋಫಾದ ಮೇಲೆ ಇಟ್ಟರು. ಅದು ಮತ್ತೆ ಬಡಿದುಕೊಂಡಿತು. ನಾನು ಕಾಫಿ ಮಾಡಲು ಎದ್ದೆ. "ನಿನ್ನ ಮಗಳು ಎಷ್ಟು ಹೊತ್ತಿಗೆ ಬರ್ತಾಳೆ?" ಅಂದರು.

"ಸಾಯಂಕಾಲ ಆಗುತ್ತೆ ಅಕ್ಕ. ಕೆಂಗೇರಿಯಿಂದ ಬರ್ಬೇಕಲ್ಲ."

"ಇರ್ತೀನಿ. ಅವ್ಳಿಗೆ ನಾನೇ ಹೇಳ್ಬೇಕು. ನೀನು ಮಧ್ಯೆ ಬಾಯಿ ಹಾಕ್ಬೇಡ."

ಮಗಳು ಬಂದು, ಬ್ಯಾಗ್ ಇಳಿಸುವ ಮೊದಲೇ, "ದೊಡ್ಡಮ್ಮಾ!" ಅಂತ ಓಡಿ ಬಂದಳು. ಅಕ್ಕ ಅವಳ ಕೈ ಹಿಡಿದು ಎದುರಿಗೆ ಕೂರಿಸಿಕೊಂಡರು. ತಾರಸಿಯಿಂದ ಶುರುಮಾಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ನನ್ನ ಮಗಳ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಅಕ್ಕ ಒಂದೆರಡು ಕಡೆ ಮಾತುಗಳನ್ನು ಹಿಂದೆ ಮುಂದೆ ಮಾಡಿದರು. ನಾನು ಸುಮ್ಮನಿದ್ದೆ. ಭಾವ ಫೋನಿನಲ್ಲಿ ಆಡಿದ ಮಾತಿನ ಹತ್ತಿರ ಬಂದಾಗ ತಡವರಿಸಿ, "ನಿಮ್ಮ ದೊಡ್ಡಪ್ಪಂಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ..." ಅಂದರು.

"ಕೇಳಿಸಿತ್ತು," ಅಂದೆ.